ಅಥಣಿಗೆ ಬಾರದ ಪ್ರವಾಸಿ

ಊರಿನ ಹಿರಿಮೆಯನ್ನು ಹೇಳಹೊರಟಾಗ ಪರದೇಶದವನೊಬ್ಬನ ಸಾಕ್ಷಿಯನ್ನು ಕರೆತರದೆ ನಮಗೆ ಸಮಾಧಾನವಿಲ್ಲ. ವಿಜಯನಗರಕ್ಕೆ ಪಾಯಸ್ ಮತ್ತು ನೂನಿಜ್, ಇಕ್ಕೇರಿಗೆ ದೆಲ್ಲಾ ವಾಲೆ, ಅದೇ ರೀತಿಯಾಗಿ ಅಥಣಿಗೆ ಮಂಡೆಲ್ಸ್ಲೋ. ಸ್ಮರಣ ಸಂಚಿಕೆಗಳಲ್ಲಿ, ಶಾಲೆಯ ಸಮಾರಂಭಗಳ ಸ್ವಾಗತ ಭಾಷಣಗಳಲ್ಲಿ, ತಾಲೂಕಿನ ಪರಿಚಯ ಮಾಡಿಕೊಡುವ ಲೇಖನಗಳಲ್ಲಿ ಈ ಹೆಸರು ಬಂದೇ ಬರುತ್ತದೆ. '1639ರಲ್ಲಿ ಜರ್ಮನಿಯ ಪ್ರವಾಸಿ ಮಂಡೆಲ್ಸ್ಲೋ ಅಥಣಿಗೆ ಬಂದು ಇದನ್ನು ದೊಡ್ಡ ವ್ಯಾಪಾರದ ಊರೆಂದು ಹೊಗಳಿದನು' ಎಂಬುದು ಆ ಮಾತಿನ ಸಾಮಾನ್ಯ ರೂಪ. ಮುಂಬಯಿ ಸರಕಾರದವರು 1884ರಲ್ಲಿ ಹೊರಡಿಸಿದ ಬೆಳಗಾಂವ ಜಿಲ್ಲೆಯ ಗ್ಯಾಝೆಟಿಯರಿನಲ್ಲಿ ಆತನ ಹೆಸರೂ 'ಅತ್ತೆನಿ' ಎಂಬ ಆತನ ಕಾಗುಣಿತವೂ ದಾಖಲಾಗಿವೆ. ಗ್ಯಾಝೆಟಿಯರು 'ಉಲ್ಲೇಖಿಸಿದ್ದಾನೆ' ಎಂದಿತು. ನಮ್ಮವರು ಅದನ್ನು 'ಬಂದಿದ್ದನು' ಎಂದು ಮಾಡಿಕೊಂಡರು. ಉಲ್ಲೇಖಕ್ಕೂ ಆಗಮನಕ್ಕೂ ಇರುವ ಅಂತರವನ್ನು ಅಳೆಯುವುದು ಈ ಲೇಖನದ ಉದ್ದೇಶ.

ಮೊದಲು ಮನುಷ್ಯನ ವಿಷಯ. ಯೋಹಾನ್ ಆಲ್ಬ್ರೆಕ್ಟ್ ಫಾನ್ ಮಂಡೆಲ್ಸ್ಲೋ 1616ರಲ್ಲಿ ಉತ್ತರ ಜರ್ಮನಿಯಲ್ಲಿ ಹುಟ್ಟಿದನು. ಚಿಕ್ಕಂದಿನಲ್ಲೇ ಹೋಲ್‌ಸ್ಟೈನ್-ಗೊಟ್ಟೋರ್ಪಿನ ಡ್ಯೂಕ್ ಫ್ರೆಡರಿಕನ ಅರಮನೆಯನ್ನು ಸೇರಿದನು. ಆ ಡ್ಯೂಕನಿಗೆ ಒಂದು ಹಂಬಲ. ಪರ್ಶಿಯಾದ ರೇಷ್ಮೆ ಪೋರ್ತುಗೀಜರ ಇಲ್ಲವೆ ಡಚ್ಚರ ಹಡಗು ಹತ್ತದೆ ರಶಿಯಾದ ಮೇಲಿಂದ ನೇರವಾಗಿ ತನ್ನ ಪುಟ್ಟ ಸಂಸ್ಥಾನಕ್ಕೆ ಬರಬೇಕು. ಅದಕ್ಕಾಗಿ ಮಾಸ್ಕೋಗೂ ಇಸ್ಫಹಾನಿಗೂ ರಾಯಭಾರ ಹೊರಟಿತು. ಆಡಾಮ್ ಓಲಿಯಾರಿಯಸ್ ಎಂಬ ವಿದ್ವಾಂಸನು ಅದರ ಕಾರ್ಯದರ್ಶಿ. ಪಾಲ್ ಫ್ಲೆಮಿಂಗ್ ಎಂಬ ಕವಿಯೂ ಜೊತೆಗಿದ್ದನು. ಮಂಡೆಲ್ಸ್ಲೋ ಆಗ ಹದಿಹರೆಯದ ತರುಣ. ರಾಯಭಾರ 1637ರಲ್ಲಿ ಇಸ್ಫಹಾನನ್ನು ಮುಟ್ಟಿತು. ರೇಷ್ಮೆ ಮಾತ್ರ ಬರಲಿಲ್ಲ. ಮುಖ್ಯಸ್ಥರಲ್ಲೊಬ್ಬನಾದ ಬ್ರೂಗ್ಗೆಮಾನ್ ದಾರಿಯುದ್ದಕ್ಕೂ ನಡೆಸಿದ ದುರ್ವರ್ತನೆಗಾಗಿ ಮರಳಿದ ಮೇಲೆ, 1640ರಲ್ಲಿ, ತಲೆದಂಡ ತೆತ್ತನು. ಮಂಡೆಲ್ಸ್ಲೋಗೆ ಇಂಥವರ ಸಹವಾಸ ಸಾಕಾಗಿತ್ತೋ ಏನೋ! ಡ್ಯೂಕನ ಅಪ್ಪಣೆ ಕೈಯಲ್ಲಿದ್ದುದರಿಂದ 1638ರ ಆರಂಭದಲ್ಲಿ ಗುಂಪನ್ನು ಬಿಟ್ಟು, ಶಿರಾಜಿನ ಮೇಲೆ ಹಾಯ್ದು, ಬಂದರ್ ಅಬ್ಬಾಸಿನಲ್ಲಿ ಇಂಗ್ಲಿಷರ ಹಡಗನ್ನು ಹತ್ತಿ ಸುರತಿಗೆ ಬಂದಿಳಿದನು. ಆಗ ಆತನ ವಯಸ್ಸು ಇಪ್ಪತ್ತೆರಡು.

ಆ ವಯಸ್ಸನ್ನು ನೆನಪಿಟ್ಟುಕೊಂಡು ಪುಸ್ತಕವನ್ನು ಓದಬೇಕು. ಸುರತಿನ ಇಂಗ್ಲಿಷ್ ಕೋಠಿಯಲ್ಲಿ ಆತನು ಮನೆಯವನಂತೆ ಇದ್ದನು. ಅಧ್ಯಕ್ಷ ಮೆಥ್‌ವೋಲ್ಡನ ಕೂಟದಲ್ಲಿ ಚಹಾ ಕುಡಿದದ್ದನ್ನೂ, ಶುಕ್ರವಾರ ಪ್ರಾರ್ಥನೆ ಮುಗಿದ ಮೇಲೆ ಗಂಡಸರೆಲ್ಲ ಕುಳಿತು ಇಂಗ್ಲೆಂಡಿನಲ್ಲಿ ಬಿಟ್ಟುಬಂದ ತಮ್ಮ ಹೆಂಡಂದಿರ ಹೆಸರಿನಲ್ಲಿ ಪಾನ ಮಾಡುತ್ತಿದ್ದುದನ್ನೂ ಬರೆದಿದ್ದಾನೆ. ಇಂಥದನ್ನು ಕುಳಿತಲ್ಲೇ ಕಲ್ಪಿಸಿ ಬರೆಯಲಾಗದು. ಅಹಮದಾಬಾದಿನಲ್ಲಿ ಸುಭೇದಾರನ ಮನೆಯ ಔತಣಕ್ಕೆ ಹೋದಾಗ, ಕರೆಸಿದರೂ ಬರಲೊಲ್ಲೆವೆಂದ ನರ್ತಕಿಯರ ತಲೆಗಳನ್ನು ಅತಿಥಿಗಳ ಮುಂದೆಯೇ ತೆಗೆಸಿದ್ದನ್ನು ಕಂಡನು. ಅತಿಥಿಗಳು ದಿಗ್ಭ್ರಮೆಗೊಂಡರು, ಸುಭೇದಾರನು ನಕ್ಕು ಮಾತು ಮುಂದುವರಿಸಿದನು. ಖಂಬಾಯತದಲ್ಲಿ ಚಿಕ್ಕ ಪ್ರಾಯದ ವಿಧವೆಯೊಬ್ಬಳು ಚಿತೆಯನ್ನೇರುವ ಮೊದಲು ತನ್ನ ಒಡವೆಗಳನ್ನು ಹಂಚುತ್ತಿದ್ದಾಗ ಆಕೆಯ ಬಳೆ ಆತನ ಕೈಗೂ ಬಂದಿತು. ಆಗ್ರಾದಲ್ಲಿ ಒಬ್ಬನು ದಾರಿಯಲ್ಲಿ ತಡೆದು ನಿಲ್ಲಿಸಿ, ಇಸ್ಫಹಾನಿನ ಬಡಿದಾಟದಲ್ಲಿ ನನ್ನ ಬಂಧುವನ್ನು ಕೊಂದವನು ನೀನಲ್ಲವೆ ಎಂದು ಕೇಳಿದನು. ಕೊಂದದ್ದು ನಿಜ, ಒಪ್ಪಿಕೊಂಡರೆ ತಲೆ ಉಳಿಯುವುದಿಲ್ಲ. ತಾನು ಇಂಗ್ಲೆಂಡಿನಿಂದ ಬಂದವನೆಂದು ಸುಳ್ಳು ಹೇಳಿಸಿ ಆಗ್ರಾದಿಂದ ಕಾಲ್ತೆಗೆದನು. ಈ ಪುಟಗಳಲ್ಲಿ ಮನುಷ್ಯನೊಬ್ಬನ ಉಸಿರಾಟ ಕೇಳಿಸುತ್ತದೆ. ಹೆದರಿದ್ದು, ಬೆರಗಾದದ್ದು, ತಿಂದದ್ದು, ಸುಳ್ಳು ಹೇಳಿದ್ದು ಎಲ್ಲವೂ ಆತನದೇ.

1639ರ ಜನವರಿಯಲ್ಲಿ ಆತನು ಮೆಥ್‌ವೋಲ್ಡನ ಜೊತೆಗೆ ಸುರತನ್ನು ಬಿಟ್ಟನು. ಇಂಗ್ಲಿಷರಿಗೂ ಪೋರ್ತುಗೀಜರಿಗೂ 1635ರಲ್ಲಿ ಇದೇ ಮೆಥ್‌ವೋಲ್ಡನ ಮೂಲಕ ಒಡಂಬಡಿಕೆಯಾಗಿದ್ದುದರಿಂದ ಗೋವೆಯ ಬಂದರು ಅವರಿಗೆ ತೆರೆದಿತ್ತು. ಕೆಲವೇ ದಿನ ಅಲ್ಲಿದ್ದರು. ಜೆಸ್ಯುಯಿಟ್ ಪಾದ್ರಿಗಳು ಕೊಟ್ಟ ಔತಣ, ನಗರದ ವೈಭವ, ಆಸ್ಪತ್ರೆಯ ಅಚ್ಚುಕಟ್ಟು ಎಲ್ಲವೂ ವರ್ಣನೆಗೆ ಬಂದಿವೆ. ಅನಂತರ ಹಡಗು ದಕ್ಷಿಣಕ್ಕೆ ತಿರುಗಿತು, ಮಡಗಾಸ್ಕರದ ಮೇಲೆ ಹಾಯ್ದು ಅದೇ ವರ್ಷದ ಕೊನೆಗೆ ಇಂಗ್ಲೆಂಡನ್ನು ಮುಟ್ಟಿತು. ಸಹ್ಯಾದ್ರಿಯನ್ನು ಆತನು ಹಡಗಿನಿಂದ ಕಂಡಿರಬೇಕು. ಘಟ್ಟವನ್ನು ಹತ್ತಲಿಲ್ಲ. ಗೋವೆಯಿಂದ ಅಥಣಿಗೆ ಬಂದು ಮರಳಿ ಹಡಗು ಹಿಡಿಯುವುದಕ್ಕೆ ಆ ಕಾಲದ ಎತ್ತಿನ ಮೇಲಾಗಲಿ ಪಾಲಕಿಯಲ್ಲಾಗಲಿ ಆತನಿಗೆ ಸಮಯವೇ ಇರಲಿಲ್ಲ.

ಹಾಗಾದರೆ 'ಅತ್ತೆನಿ' ಆತನ ಪುಸ್ತಕದಲ್ಲಿ ಹೇಗೆ ಬಂದಿತು?

ಪುಸ್ತಕವೇ ಆತನದಲ್ಲ ಎಂಬುದು ಮೊದಲನೆಯ ಉತ್ತರ. ಮಂಡೆಲ್ಸ್ಲೋ 1644ರಲ್ಲಿ ಪ್ಯಾರಿಸಿನಲ್ಲಿ ಸಿಡುಬಿನಿಂದ ತೀರಿಕೊಂಡನು. ಬದುಕಿದ್ದು ಇಪ್ಪತ್ತೆಂಟು ವರ್ಷ. ಆತನ ಟಿಪ್ಪಣಿಗಳು ಹಳೆಯ ಗೆಳೆಯ ಓಲಿಯಾರಿಯಸನ ಕೈಸೇರಿದವು. ಓಲಿಯಾರಿಯಸ್ ಅವುಗಳನ್ನು ತಿದ್ದಿ, ತುಂಬಿ, 1658ರಲ್ಲಿ ಶ್ಲೆಸ್ವಿಗ್ಗಿನಲ್ಲಿ ಅಚ್ಚು ಹಾಕಿಸಿದನು. ಮರುವರ್ಷವೇ ಆಬ್ರಹಾಮ್ ದ ವಿಕ್‌ಫೋರ್ಟನು ಅದನ್ನು ಫ್ರೆಂಚಿಗೆ ತಂದನು. ತಂದನು ಎನ್ನುವುದಕ್ಕಿಂತ ಹಿಗ್ಗಿಸಿದನು ಎನ್ನುವುದು ಸರಿ. ಆ ಹಿಗ್ಗಿದ ಪುಸ್ತಕವನ್ನು ಜಾನ್ ಡೇವೀಸ್ 1662ರಲ್ಲಿ ಇಂಗ್ಲಿಷಿಗೆ ಮಾಡಿದನು. ನಮ್ಮ ಗ್ಯಾಝೆಟಿಯರುಗಳ ಮೇಜಿನ ಮೇಲಿದ್ದದ್ದು ಈ ಇಂಗ್ಲಿಷ್ ಪರಂಪರೆ. ಆದ್ದರಿಂದ ಸತ್ತವನ ಹೆಸರಿನಲ್ಲಿ ಬದುಕಿದ್ದವರು ಬರೆದ ಸಂಗತಿಗಳು ಬಹಳ. ಆತನು ಎಂದೂ ಕಾಣದ ಚೀನ ಜಪಾನುಗಳೂ ಅದರಲ್ಲಿ ಸೇರಿಕೊಂಡಿವೆ. ಈ ಪುಸ್ತಕಕ್ಕೆ ಎಷ್ಟು ವಿಶ್ವಾಸ ಸಲ್ಲಬೇಕು ಎಂಬ ಪ್ರಶ್ನೆಯನ್ನೇ ತಲೆಬರಹ ಮಾಡಿಕೊಂಡು ಇತಿಹಾಸಕಾರ ವಿನ್ಸೆಂಟ್ ಸ್ಮಿತ್ 1915ರಲ್ಲಿ ಒಂದು ಲೇಖನ ಬರೆದರು. ಅಹಮದಾಬಾದಿನ ಪ್ರಾಧ್ಯಾಪಕ ಕಮಿಸಾರಿಯಟ್ ಅವರು 1931ರಲ್ಲಿ ಪಶ್ಚಿಮ ಹಿಂದುಸ್ಥಾನಕ್ಕೆ ಸಂಬಂಧಿಸಿದ ಭಾಗವನ್ನು ಆಯ್ದು ಸಂಪಾದಿಸಿದರು. 1942ರಲ್ಲಿ ಕೋಪನ್‌ಹೇಗನ್ನಿನಲ್ಲಿ ಆತನ ಮೂಲ ದಿನಚರಿಯೇ ಅಚ್ಚಾಯಿತು. ಹೀಗೆ ವಿದ್ವಾಂಸರು ಕಾಳು ಬೇರೆ ಹೊಟ್ಟು ಬೇರೆ ಮಾಡುವ ಕೆಲಸವನ್ನು ಎಂದೋ ಆರಂಭಿಸಿದ್ದಾರೆ. ಅದರ ಸುದ್ದಿ ನಮ್ಮ ಸ್ಮರಣ ಸಂಚಿಕೆಗಳಿಗೆ ಇನ್ನೂ ತಲುಪಿಲ್ಲ, ಅಷ್ಟೆ.

ಇಲ್ಲಿ ವಿಕ್‌ಫೋರ್ಟನ ಬಗ್ಗೆ ಒಂದು ಮಾತು ಹೇಳದೆ ಮುಂದಕ್ಕೆ ಹೋಗಲಾರೆ. ಈತನೂ ರಾಯಭಾರಿಯೇ. ಬ್ರಾಂಡೆನ್‌ಬುರ್ಗಿನ ಪ್ರತಿನಿಧಿಯಾಗಿ ಪ್ಯಾರಿಸಿನಲ್ಲಿದ್ದು, ಕೊನೆಗೆ ಬಾಸ್ಟೀಲ್ ಸೆರೆಮನೆಯನ್ನು ಕಂಡನು. ಮುಂದೆ ಹಾಲೆಂಡಿನಲ್ಲಿ ಗುಟ್ಟುಗಳನ್ನು ಹೊರಗೆ ಬಿಟ್ಟನೆಂಬ ಆರೋಪದ ಮೇಲೆ ಮತ್ತೆ ಸೆರೆ ಸೇರಿ, 1679ರಲ್ಲಿ ಅಲ್ಲಿಂದ ತಪ್ಪಿಸಿಕೊಂಡನು. ರಾಯಭಾರಿ ಹೇಗಿರಬೇಕು, ಆತನ ಕರ್ತವ್ಯಗಳೇನು ಎಂಬುದನ್ನು ಕುರಿತು ಯುರೋಪಿನಲ್ಲಿ ಬಹುಕಾಲ ಪ್ರಮಾಣವೆನಿಸಿದ ಗ್ರಂಥ ಈತನದೇ. ಇನ್ನೊಬ್ಬರ ಕಾಗದ ತನ್ನ ಕೈಗೆ ಬಂದರೆ ಅದನ್ನು ಹೇಗೆ ಬಳಸಿಕೊಳ್ಳಬೇಕೆಂಬುದು ಇಂಥವನಿಗೆ ಚೆನ್ನಾಗಿ ಗೊತ್ತಿತ್ತೆಂದರೆ ಆಶ್ಚರ್ಯವೇನು?

ಇನ್ನು ದಾರಿಯ ಪ್ರಕರಣ. ಗೋವೆಯಿಂದ ಘಟ್ಟ ಹತ್ತಿ ವಿಜಾಪುರಕ್ಕೆ ಹೋಗುವ ಮಾರ್ಗವನ್ನು ಪುಸ್ತಕವು ಊರೂರಾಗಿ ಹೇಳುತ್ತದೆ. ರಾಯಬಾಗ ಬರುತ್ತದೆ, ಕೃಷ್ಣೆ ಬರುತ್ತದೆ, ಅತ್ತೆನಿ ಬರುತ್ತದೆ. ಮುಂದೆ 'ತಾಲ್ಸೆಂಗ್', 'ತಿಕೋಟಾ', 'ನೌರಸ್‌ಪುರ್', ಕೊನೆಗೆ ವಿಜಾಪುರ. ತೆಲಸಂಗದ ರಸ್ತೆಯಲ್ಲಿ ಒಂದು ಸಲವಾದರೂ ಓಡಾಡಿದವರಿಗೆ ಈ ಪಟ್ಟಿ ಕಂಡೊಡನೆ ಮೈ ಜುಮ್ಮೆನ್ನುತ್ತದೆ. ಊರುಗಳ ಸರದಿ ತಪ್ಪಿಲ್ಲ. ಪ್ಯಾರಿಸಿನ ಕೋಣೆಯಲ್ಲಿ ಕುಳಿತು ಯಾರೂ ಇದನ್ನು ಕಟ್ಟಿರಲಾರರು. ಯಾರೋ ಒಬ್ಬನು ಈ ದಾರಿಯನ್ನು ನಿಜವಾಗಿ ತುಳಿದಿದ್ದಾನೆ, ಕೂಲಿಯಾಳುಗಳ ಬಾಯಿಂದ ಹೆಸರುಗಳನ್ನು ಕೇಳಿ ಬರೆದುಕೊಂಡಿದ್ದಾನೆ.

ಆತನು ಯಾರೆಂದು ಕೇಳಿದರೆ ನಾನು ಯೋಹಾನ್ ವಾನ್ ಟ್ವಿಸ್ಟನ ಕಡೆ ಬೆರಳು ತೋರಿಸುತ್ತೇನೆ. ಈತನು ಡಚ್ ಕಂಪನಿಯ ಅಧಿಕಾರಿ, ಗುಜರಾಥದ ಕೋಠಿಗಳನ್ನು ನೋಡಿಕೊಂಡಿದ್ದವನು. 1636ರಿಂದ ಡಚ್ಚರ ಹಡಗುಗಳು ಗೋವೆಯ ಬಾಯಿಗೆ ಅಡ್ಡ ನಿಂತಿದ್ದವು. ಸಮುದ್ರದಿಂದ ಮುತ್ತಿಗೆ ಹಾಕಿದವರಿಗೆ ನೆಲದ ಕಡೆಯಿಂದ ಒಬ್ಬ ಮಿತ್ರ ಬೇಕು. ಆ ಮಿತ್ರತ್ವವನ್ನು ಕೇಳಲು 1637ರಲ್ಲಿ ವಾನ್ ಟ್ವಿಸ್ಟನು ವಿಜಾಪುರಕ್ಕೆ, ಮಹಮ್ಮದ ಆದಿಲಶಾಹನ ದರಬಾರಿಗೆ ಹೋದನು. ಆ ರಾಯಭಾರದ ಫಲವಾಗಿ ವೆಂಗುರ್ಲೆಯಲ್ಲಿ ಡಚ್ಚರ ಕೋಠಿ ಎದ್ದಿತು. ಮುಂದೆ 1641ರಲ್ಲಿ ಮಲಾಕ್ಕಾ ಡಚ್ಚರ ಕೈಗೆ ಬಂದಾಗ ಅದರ ಗವರ್ನರನಾಗಿ ಹೋದವನೂ ಈತನೇ. ಹಿಂದುಸ್ಥಾನವನ್ನು ಕುರಿತ ಈತನ ವಿವರಣೆ ಮಂಡೆಲ್ಸ್ಲೋನ ಪುಸ್ತಕಕ್ಕಿಂತ ಮೊದಲೇ ಹಾಲೆಂಡಿನಲ್ಲಿ ಅಚ್ಚಾಗಿತ್ತು. ಗುಜರಾಥದ ವರ್ಣನೆಯಲ್ಲಿ ಮಂಡೆಲ್ಸ್ಲೋನ ಹೆಸರಿನಲ್ಲಿರುವ ಅನೇಕ ಸಂಗತಿಗಳು ವಾನ್ ಟ್ವಿಸ್ಟನಿಂದ ಎತ್ತಿದವೆಂಬುದನ್ನು ವಿದ್ವಾಂಸರು ತೋರಿಸಿದ್ದಾರೆ. ಗುಜರಾಥಕ್ಕೆ ಕೈಹಾಕಿದವರು ದಖ್ಖಣವನ್ನು ಬಿಟ್ಟಾರೆ? ವಿಜಾಪುರದ ದಾರಿಯನ್ನು ಕಾಲಿನಿಂದ ತಿಳಿದಿದ್ದ, ತಿಳಿದದ್ದನ್ನು ಬರೆದಿಡುವ ಅಭ್ಯಾಸವಿದ್ದ, ಬರೆದದ್ದು ಸಂಪಾದಕರ ಕೈಗೆ ಸಿಗಬಹುದಾಗಿದ್ದ ಮನುಷ್ಯ ಈತನು. ಬೇರೆ ಹೆಸರು ನನಗೆ ಹೊಳೆಯುವುದಿಲ್ಲ.

ಆದರೆ ದಾಖಲೆಗಳಿಗಿಂತ ನನ್ನನ್ನು ಹೆಚ್ಚು ಒಪ್ಪಿಸಿದ್ದು ಬರವಣಿಗೆಯ ಗುಣ. ಸಾಹಿತ್ಯವನ್ನು ಓದುವವನಿಗೆ ಇದು ಬಲವಾದ ಸಾಕ್ಷಿ. ಸುರತಿನಲ್ಲಿ ಚಹಾದ ರುಚಿಯನ್ನು ನೆನೆದವನು, ಖಂಬಾಯತದಲ್ಲಿ ಬಳೆಯನ್ನು ಹಿಡಿದು ನಿಂತವನು, ರಾಯಬಾಗದಿಂದ ಅಥಣಿಗೆ ಬರುವಾಗ ಏಕಾಏಕಿ ಮೂಕನಾಗುತ್ತಾನೆ. ಊರಿನಿಂದ ಊರಿಗೆ ಅಂತರವೆಷ್ಟು, ಯಾವುದು ಪೇಟೆ, ಯಾವುದು ಹಳ್ಳಿ, ಇಷ್ಟೇ ಮಾತು. ರಾತ್ರಿ ಎಲ್ಲಿ ಉಳಿದನು? ಯಾರ ಮನೆಯ ರೊಟ್ಟಿ ತಿಂದನು? ಎರೆಯ ಭೂಮಿಯ ಕಪ್ಪು ಬಣ್ಣ ಘಟ್ಟದ ಕೆಂಪು ಮಣ್ಣನ್ನು ಕಂಡುಬಂದ ಕಣ್ಣಿಗೆ ಬೀಳಲೇ ಇಲ್ಲವೆ? ಕುಡಚಿಯ ಬಳಿ ಕೃಷ್ಣೆಯನ್ನು ದಾಟಿದವನಿಗೆ, ಅದು ಯಾವ ಋತುವೇ ಆಗಿರಲಿ, ನೆನಪಿನಲ್ಲಿ ಏನಾದರೂ ಉಳಿಯಲೇಬೇಕು. ಇಲ್ಲಿ ಹೊಳೆಯ ಹೆಸರಿದೆ, ಹೊಳೆಯಿಲ್ಲ. ಒಬ್ಬ ಮನುಷ್ಯನೂ ಇಲ್ಲ. ಈ ಶೈಲಿ ಪ್ರವಾಸಿಯದಲ್ಲ. ಸರಕು ಸಾಗಿಸುವವನದು, ಇಲ್ಲವೆ ಸೈನ್ಯ ಸಾಗಿಸುವವನದು. ರಾಯಬಾಗದ ಮೆಣಸು ಕರಾವಳಿಗೆ ಇಳಿಯಬೇಕು. ಗೋವೆಯ ಮೇಲೆ ದಂಡು ಹೋಗುವುದಾದರೆ ಎಷ್ಟು ದಿನ ಹಿಡಿಯುತ್ತದೆಂಬುದು ತಿಳಿದಿರಬೇಕು. ಅಂಥ ಕಾಗದಕ್ಕೆ ರೊಟ್ಟಿಯ ಸುದ್ದಿ ಬೇಕಿಲ್ಲ.

ಹೋಲಿಕೆಗಾಗಿ ಪೀತ್ರೊ ದೆಲ್ಲಾ ವಾಲೆಯನ್ನು ನೋಡಬೇಕು. ಈ ಇಟಲಿಯವನೂ ಒಂದು ರಾಯಭಾರದ ಜೊತೆಗೇ, ಪೋರ್ತುಗೀಜರು ವೆಂಕಟಪ್ಪ ನಾಯಕನ ಬಳಿಗೆ ಕಳಿಸಿದ ರಾಯಭಾರದ ಜೊತೆಗೆ, 1623ರಲ್ಲಿ ಇಕ್ಕೇರಿಗೆ ಬಂದನು. ಅಂದರೆ ನಮ್ಮ ಮಂಡೆಲ್ಸ್ಲೋಗಿಂತ ಹದಿನೈದು ವರ್ಷ ಮೊದಲು. ದಾರಿಯಲ್ಲಿ ಗುಡಿಯ ಜಗಲಿಯ ಮೇಲೆ ನಾಲ್ಕು ಹುಡುಗರು ಮರಳನ್ನು ಹರಡಿ, ಬೆರಳಿನಿಂದ ಅಂಕೆ ಬರೆದು, ರಾಗವಾಗಿ ಮಗ್ಗಿ ಹೇಳುತ್ತಿದ್ದುದನ್ನು ಕಂಡು ಅಲ್ಲೇ ನಿಂತುಬಿಟ್ಟನು. ಉಳ್ಳಾಲದ ರಾಣಿ ಬರಿಗಾಲಲ್ಲಿ ನಡೆದುಬಂದು ಹೊಲದ ಕಾಲುವೆಯ ಕೆಲಸ ನೋಡುತ್ತಿದ್ದುದನ್ನು ಬರೆದನು. ಇಕ್ಕೇರಿಯಲ್ಲಿ ಸಹಗಮನಕ್ಕೆ ಸಿದ್ಧಳಾಗಿದ್ದ ಹೆಂಗಸೊಬ್ಬಳನ್ನು ಆಕೆಯ ಮನೆಗೇ ಹೋಗಿ ಕಂಡು, ಬೇಡವೆಂದು ಹೇಳಿ ನೋಡಿದನು. ಆಕೆ ಒಪ್ಪಲಿಲ್ಲ. ನಿನ್ನ ಹೆಸರನ್ನು ಬರೆದಿಡುತ್ತೇನೆಂದು ಮಾತು ಕೊಟ್ಟು ಅದರಂತೆ ನಡೆದುಕೊಂಡನು. ಇಕ್ಕೇರಿಯ ಅರಮನೆ ಇಂದು ಇಲ್ಲ, ದೆಲ್ಲಾ ವಾಲೆಯ ಪುಟಗಳಲ್ಲಿ ಆ ಹೆಂಗಸು ಇದ್ದಾಳೆ. ಅಥಣಿಗೆ ಇಂಥ ಒಬ್ಬನು ಬರಲಿಲ್ಲವೆಂದು ನನಗೆ ಹೊಟ್ಟೆಕಿಚ್ಚು.

ಹಾಗೆಂದು ಮಂಡೆಲ್ಸ್ಲೋನ ಅಥಣಿಯನ್ನು ಕಸಕ್ಕೆ ಎಸೆಯಬೇಕೆ? ಖಂಡಿತ ಬೇಡ. ಈ ವಿಷಯದಲ್ಲಿ ನಾನು ಕಟ್ಟುನಿಟ್ಟಿನ ವಿದ್ವಾಂಸರ ಜೊತೆಗೂ ಪೂರ್ತಿ ಹೋಗಲಾರೆ. ಅವರ ದೃಷ್ಟಿಯಲ್ಲಿ ಹೆಸರಿನವನು ಕಾಣದ ಭಾಗವೆಲ್ಲ ಅಪ್ರಮಾಣ. ಆದರೆ ಹೆಸರು ಸುಳ್ಳಾದ ಮಾತ್ರಕ್ಕೆ ದಾರಿ ಸುಳ್ಳಾಗಲಿಲ್ಲ. 1599ರಲ್ಲಿ ಇಬ್ರಾಹಿಮ ಆದಿಲಶಾಹನು ಕಟ್ಟಲಾರಂಭಿಸಿ, 1624ರಲ್ಲಿ ಮಲಿಕ್ ಅಂಬರನು ಹಾಳುಗೆಡವಿದ ನೌರಸಪುರದ ಹೆಸರು ಪೇಟೆಗಳ ಸಾಲಿನಲ್ಲಿ ಇನ್ನೂ ಓಡಾಡುತ್ತಿದ್ದ ಕಾಲವನ್ನು ಈ ಪಟ್ಟಿ ಹಿಡಿದಿಟ್ಟಿದೆ. ಆ ಕಾಲದಲ್ಲಿ ವಿಜಾಪುರದ ಸಂಪತ್ತು ಸಮುದ್ರಕ್ಕೆ ಇಳಿಯುವ ದಾರಿಯಲ್ಲಿ ಅಥಣಿ ಒಂದು ಗಟ್ಟಿ ತಂಗುದಾಣವಾಗಿತ್ತೆಂಬುದು ಇದರಿಂದ ಸ್ಪಷ್ಟ. ಹೊಗಳಿಕೆಯ ಉದ್ದೇಶವಿಲ್ಲದ ಲೆಕ್ಕದ ಕಾಗದ ಹೇಳಿದ್ದರಿಂದ ಅದಕ್ಕೆ ತೂಕ ಹೆಚ್ಚೇ ಹೊರತು ಕಡಿಮೆಯಲ್ಲ.

ಆ ಸಂಪತ್ತಿಗೆ ಬಂದ ಗತಿ ಮುಂದಿನ ಚರಿತ್ರೆಯಲ್ಲಿದೆ. ಇದೇ ರಸ್ತೆಯ ಮೇಲೆ, ನಾಲ್ವತ್ತು ವರ್ಷಗಳ ತರುವಾಯ, 1679ರ ನವಂಬರದಲ್ಲಿ, ಮೊಗಲ ಸರದಾರ ದಿಲೇರಖಾನನು ಬಂದನು. ಮೊದಲು ತಿಕೋಟಾ. ಸುತ್ತಲಿನ ಹಣವಂತರು ಅಲ್ಲಿ ಆಶ್ರಯ ಪಡೆದಿದ್ದರು. ಹೆಂಗಸರು ಮಕ್ಕಳೊಡನೆ ಬಾವಿಗಳಿಗೆ ಹಾರಿಕೊಂಡರು. ಹಿಂದುಗಳೂ ಮುಸಲ್ಮಾನರೂ ಸೇರಿ ಸಾವಿರಾರು ಮಂದಿ ಸೆರೆಯಾದರು. ಆಮೇಲೆ ಅಥಣಿ. ಊರನ್ನು ಸುಟ್ಟು, ಜನರನ್ನು ಗುಲಾಮರನ್ನಾಗಿ ಮಾರಬೇಕೆಂದು ಖಾನನು ಹೇಳಿದನು. ತಂದೆ ಶಿವಾಜಿಯ ಮೇಲೆ ಮುನಿಸಿಕೊಂಡು ಮೊಗಲರ ಪಾಳೆಯದಲ್ಲಿದ್ದ ಸಂಭಾಜಿ ಇದನ್ನು ವಿರೋಧಿಸಿದನು. ಮಾತು ನಡೆಯಲಿಲ್ಲ. ಆ ರಾತ್ರಿಯೇ ಪಾಳೆಯವನ್ನು ಬಿಟ್ಟು ವಿಜಾಪುರದ ಕಡೆಗೆ ಓಡಿ, ಅಲ್ಲಿಂದ ಪನ್ಹಾಳೆಗೆ ಹೋಗಿ ತಂದೆಯ ಕಡೆಯವರನ್ನು ಸೇರಿದನು. ಯದುನಾಥ ಸರ್ಕಾರರ ಶಿವಾಜಿ ಚರಿತ್ರೆಯನ್ನು ಓದಿದವರಿಗೆ ಈ ಪ್ರಸಂಗ ಹೊಸದಲ್ಲ. ಆದರೆ ಚರಿತ್ರೆಯ ಪುಸ್ತಕಗಳಲ್ಲಿ ಇದು ಒಬ್ಬ ರಾಜಪುತ್ರನ ಮನಃಪರಿವರ್ತನೆಯ ಕಥೆಯಾಗಿ ಬರುತ್ತದೆ. ಮಾರಾಟಕ್ಕೆ ನಿಲ್ಲಿಸಲ್ಪಟ್ಟವರ ಒಂದು ಹೆಸರೂ ಅದರಲ್ಲಿಲ್ಲ. ಡಚ್ಚನ ಪಟ್ಟಿಯಲ್ಲಿ ಜನವಿಲ್ಲದ ಪೇಟೆ, ಇಲ್ಲಿ ಹೆಸರಿಲ್ಲದ ಜನ.

ನಮ್ಮ ಊರಿನ ಚರಿತ್ರೆಗಳನ್ನು ಬರೆಯುವ ಉತ್ಸಾಹಿಗಳು ಮಂಡೆಲ್ಸ್ಲೋನನ್ನು ಹೆಬ್ಬಾಗಿಲಲ್ಲಿ ನಿಲ್ಲಿಸಿ 1679ನ್ನು ಎರಡು ಸಾಲಿನಲ್ಲಿ ಮುಗಿಸುವುದು ನನಗೆ ಸರಿಕಾಣುವುದಿಲ್ಲ. ಬಾರದ ಅತಿಥಿಗೆ ಇಷ್ಟು ಉಪಚಾರವೇಕೆ? ಆತನು ಸುರತಿನಲ್ಲಿ, ಅಹಮದಾಬಾದಿನಲ್ಲಿ, ಗೋವೆಯಲ್ಲಿ ನಿಜವಾದ ಲೇಖಕ. ಆತನನ್ನು ಅಲ್ಲಿ ಓದಿ ಸಂತೋಷಪಡೋಣ.

ಒಂದು ಕೆಲಸ ಮಾತ್ರ ನಮ್ಮವರಿಂದಲೇ ಆಗಬೇಕಾದದ್ದು. ಆ ದಾರಿಯ ಪ್ರಕರಣ ನಾಲ್ಕೈದು ಪುಟಗಳಿಗೆ ಮೀರಿದ್ದಲ್ಲ. ಅದನ್ನು ಯಾರಾದರೂ ಕನ್ನಡಕ್ಕೆ ತರಬೇಕು, ಡಚ್ಚನ ಕಿವಿಯಲ್ಲಿ ಹೊಕ್ಕು, ಫ್ರೆಂಚನ ಲೇಖನಿಯಲ್ಲಿ ಸವೆದು, ಇಂಗ್ಲಿಷನ ಅಚ್ಚಿನಲ್ಲಿ ಮುರಿದ ಒಂದೊಂದು ಹೆಸರಿನ ಎದುರಿಗೂ ಈಗಿನ ಊರನ್ನು ಬರೆಯಬೇಕು. ಲಂಡನ್ನಿನ ಗ್ರಂಥಾಲಯದಲ್ಲಿ ಕುಳಿತ ಸಂಪಾದಕನಿಗೆ ಇದು ನಕ್ಷೆಯ ಮೇಲಿನ ಒಗಟು. ರಾಯಬಾಗದ ಸ್ಟೇಶನ್ನಿನಲ್ಲಿ ಇಳಿದು, ಕುಡಚಿಯ ಹೊಳೆ ದಾಟಿ, ಉಗಾರದ ಮೇಲಿಂದ ಅಥಣಿಗೆ ಬಂದು, ಅಲ್ಲಿಂದ ತೆಲಸಂಗ, ಹೊನವಾಡ, ತಿಕೋಟಾ, ತೊರವಿ ಎಂದು ಕಂಡಕ್ಟರನು ಕೂಗುವುದನ್ನು ಕೇಳುತ್ತ ವಿಜಾಪುರಕ್ಕೆ ಹೋಗುವವನಿಗೆ ಅದು ಒಂದು ಮಧ್ಯಾಹ್ನದ ಕೆಲಸ.